‘ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ’ ಅಂತ ಜಗಳ ಆಗ್ದಂಗೆ ಹೇಳೋದು ಹೇಗೆ

ಹೋದ ತಿಂಗಳು ತುಮಕೂರಿಂದ ಮೆಜೆಸ್ಟಿಕ್‌ಗೆ ಬಸ್ಸಲ್ಲಿ ಬರ್ತಿದ್ದೆ, 70 ಕಿಲೋಮೀಟರ್ ದಾರಿ. ಪಕ್ಕದಲ್ಲಿ ಕೂತಿದ್ದ ಹುಡುಗ ಕ್ಯಾತ್ಸಂದ್ರ ಟೋಲ್ ಬರೋಕ್ ಮುಂಚೆನೇ ರೀಲ್ಸ್ ಶುರು ಹಚ್ಕೊಂಡ, ಸ್ಪೀಕರ್ ಫುಲ್. ಒಂದು ಮುಗಿದ್ಮೇಲೆ ಮುಂದಿಂದಕ್ಕೆ ಹೋಗ್ಬೇಕಲ್ವಾ, ಇವನು ಹೋಗಲ್ಲ, ಅದನ್ನೇ ನಾಲ್ಕ್ನಾಲ್ಕು ಸಲ ನೋಡ್ತಾನೆ, ನಾಲ್ಕು ಸಲನೂ ಫಸ್ಟ್ ಟೈಮ್ ನೋಡ್ದಂಗೆ ನಗ್ತಾನೆ. ನಾನೇನ್ ಮಾಡ್ದೆ ಅಂದ್ರೆ, ಒಂದ್ಸಲ ಕೆಮ್ಮಿದೆ. ಇನ್ನೊಂದ್ಸಲ ಅವನ ಫೋನ್ ಕಡೆ ಗುರಾಯಿಸಿ ನೋಡ್ದೆ. ಪಾಪ ಅವನು, ಇವರಿಗೂ ನೋಡೋ ಆಸೆ ಅಂದ್ಕೊಂಡು ಫೋನನ್ನ ಸ್ವಲ್ಪ ನನ್ ಕಡೆಗೆ ತಿರುಗಿಸಿ ಹಿಡ್ಕೊಂಡ.

ಮೆಜೆಸ್ಟಿಕ್‌ನಲ್ಲಿ ಇಳಿದು ಆಟೋ ಕೇಳಿದ್ರೆ ಡ್ರೈವರ್ ಇಪ್ಪತ್ ರೂಪಾಯಿ ಜಾಸ್ತಿ ಕೊಡಿ ಸಾರ್ ಅಂದ, ನಾನು ಅವನ ಮೇಲೆ ಎಗರಾಡಿದ ರೀತಿಗೆ ಪಕ್ಕದ ಸೌತೆಕಾಯಿ ಮಾರೋನು ಕತ್ತರಿಸೋದು ನಿಲ್ಸಿ ನೋಡ್ತಾ ನಿಂತ್ಬಿಟ್ಟ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಆವತ್ತು ಕೊತ್ತಿ ಆ ಆಟೋದವನು.

ಅಲ್ಲಿಂದ ಈಚೆಗೆ ನಾನು ಈ ವಿಷ್ಯದಲ್ಲಿ ಸ್ವಲ್ಪ ಪ್ರಾಕ್ಟೀಸ್ ಮಾಡ್ತಾ ಇದೀನಿ. ನಮ್ ಜನಕ್ಕೆ ಬರೋದು ಎರಡೇ, ಒಂದು ನುಂಗ್ಕೊಂಡು ಕೂರೋದು, ಇನ್ನೊಂದು ಕೊರಳಪಟ್ಟಿ ಹಿಡಿಯೋದು. ಮಧ್ಯದಲ್ಲಿ ಒಂದು ದಾರಿ ಇದೆ, ನಮ್ಮಮ್ಮನ ತಲೆಮಾರಿನ ಹೆಂಗಸರಿಗೆ ಅದು ಚೆನ್ನಾಗ್ ಗೊತ್ತಿತ್ತು, ಅವರು ಯಾರ ಹತ್ರನೂ ಜಗಳ ಆಡ್ದೆ ಇಡೀ ಬಸ್ಸನ್ನ ಅವರಿಗೆ ಬೇಕಾದ್ ಹಾಗೆ ಕೂರಿಸ್ತಿದ್ರು. ಆ ದಾರಿಯಲ್ಲಿ ನಂಗೆ ಅರ್ಥ ಆಗಿರೋದಷ್ಟು ಇಲ್ಲಿ ಬರೀತಿದೀನಿ.

ಮೊದಲ್ನೇ ವಿಷ್ಯ ಟೈಮು. ಹೇಳೋದಿದ್ರೆ ಮೊದಲ ಐದು ನಿಮಿಷದಲ್ಲಿ ಹೇಳ್ಬಿಡಿ. ಹಾಲು ಉಕ್ಕೋಕ್ ಮುಂಚೆ ಸಿಮ್ ಮಾಡ್ಬೇಕು, ಉಕ್ಕಿದ್ಮೇಲೆ ಮಾಡಿದ್ರೆ ಸ್ಟೌವ್ ಒರೆಸೋ ಕೆಲ್ಸ ನಿಮ್ದೇ. ಐದ್ ನಿಮಿಷದ ಒಳಗೆ ನಿಮ್ ದನಿ ದನಿ ತರ ಇರುತ್ತೆ. ನಲವತ್ ನಿಮಿಷ ಒಳಗೊಳಗೇ ಬೈದ್ಕೊಂಡು ಆಮೇಲೆ ಬಾಯಿ ಬಿಟ್ರೆ ಎದುರಿನವನಿಗೆ ಕೇಳೋದು ‘ಸೌಂಡ್ ಕಮ್ಮಿ ಮಾಡಿ’ ಅಲ್ಲ, ಆ ನಲವತ್ ನಿಮಿಷದ ಬೈಗುಳ. ಅವನಿಗೋ ನೀವು ಈಗಷ್ಟೇ ಬಾಯಿ ಬಿಟ್ಟಿರೋದು, ಇಷ್ಟೊತ್ತು ಸುಮ್ನಿದ್ದೋನಿಗೆ ಇದ್ದಕ್ಕಿದ್ದಂಗೆ ಏನಾಯ್ತಪ್ಪ ಅಂತ ಅವನು ಕೇಳ್ಕೊಂಡ್ರೆ ಅದರಲ್ಲಿ ತಪ್ಪೇನೂ ಇಲ್ಲ.

ಮತ್ತೆ ಕೆಮ್ಮೋದು, ಲೊಚಗುಟ್ಟೋದು, ಆಕಾಶ ನೋಡಿ ಉಸಿರು ಬಿಡೋದು, ಇದೆಲ್ಲ ಬಿಟ್ಬಿಡಿ. ಯಾರಿಗೂ ಅರ್ಥ ಆಗಲ್ಲ. ಕೋವಿಡ್ ಆದ್ಮೇಲಂತೂ ಕೆಮ್ಮಿದ್ರೆ ಜನ ಮಾಸ್ಕ್ ಹುಡುಕ್ತಾರೆ.

ಎರಡ್ನೇದು, ಇದೇ ಮುಖ್ಯ, ಏನಂತ ಕರೀತೀರಾ ಅನ್ನೋದು. ಕನ್ನಡದಲ್ಲಿ ಜಗಳ ಶುರು ಆಗೋದು ವಿಷ್ಯದಿಂದ ಅಲ್ಲ ಸ್ವಾಮಿ, ಸಂಬೋಧನೆಯಿಂದ. ಬೆಂಗಳೂರಲ್ಲಿ ‘ಸಾರ್’ ಎಲ್ಲಾದಕ್ಕೂ ಆಗುತ್ತೆ, ಕಾಲೇಜ್ ಹುಡುಗನಿಂದ ಹಿಡಿದು ರಿಟೈರ್ಡ್ ಹೆಡ್ ಮಾಸ್ಟರ್‌ವರೆಗೂ. ‘ಅಣ್ಣ’ ಅಂದ್ರೆ ಇನ್ನೂ ಮೇಲು, ಇಪ್ಪತ್ತರಿಂದ ಅರವತ್ತರವರೆಗೆ ನಡೆಯುತ್ತೆ, ನಿಮಗಿಂತ ಹತ್ತು ವರ್ಷ ಚಿಕ್ಕವನಿಗೆ ಅಂದ್ರೂ ಅವನಿಗೆ ಬೇಜಾರಾಗಲ್ಲ, ಒಳಗೊಳಗೇ ಖುಷಿನೇ ಆಗುತ್ತೆ. ‘ಗುರು’, ‘ಬಾಸ್’, ‘ಮಗಾ’ ಮಾತ್ರ ಹುಷಾರು. ನಗ್ತಾ ‘ಗುರು ಸ್ವಲ್ಪ ಜಾಗ ಬಿಡು’ ಅಂದ್ರೆ ಸ್ನೇಹ, ಹುಬ್ಬು ಗಂಟಿಕ್ಕಿ ‘ಏನ್ ಗುರು’ ಅಂದ್ರೆ ಅಲ್ಲಿಗೆ ತೋಳು ಮಡಚೋದು ಶುರು. ಹೆಂಗಸರಿಗೆ ‘ಆಂಟಿ’ ಅನ್ನೋ ಸಾಹಸ ಮಾಡ್ಬೇಡಿ. ಮೂವತ್ತೈದರ ಆಸುಪಾಸಿನವರಿಗೆ ಆಂಟಿ ಅಂದ್ರೋ, ನೀವು ಕೇಳೋಕ್ ಹೋಗಿದ್ದು ನ್ಯಾಯನೇ ಆಗಿದ್ರೂ ಕೇಸ್ ಅಲ್ಲೇ ವಜಾ. ಮೇಡಂ ಅನ್ನಿ, ಅಕ್ಕ ಅನ್ನಿ, ಸ್ವಲ್ಪ ದೊಡ್ಡವರಾದ್ರೆ ಅಮ್ಮ ಅನ್ನಿ. ಗಂಡಸರಲ್ಲಿ ದೊಡ್ಡವರಿಗೆ ‘ಯಜಮಾನ್ರೇ’ ಅನ್ನೋ ಪದ ಇದೆಯಲ್ಲ, ಅದು ಬಂಗಾರ, ಆ ಪದ ಕೇಳಿ ಜಾಗ ಬಿಡದೆ ಇರೋ ಯಜಮಾನ್ರನ್ನ ನಾನಿನ್ನೂ ನೋಡಿಲ್ಲ.

ಊರು ಬದಲಾದ್ರೆ ಇದೂ ಬದಲಾಗುತ್ತೆ. ಧಾರವಾಡದ ಕಡೆ ‘ಅಣ್ಣಾರ, ಸ್ವಲ್ಪ ಆಚೆ ಸರೀರಿ’ ಅಂತಾರೆ, ಜೋರಾಗಿ ಅಂತಾರೆ, ನಮ್ ಬೆಂಗಳೂರು ಕಿವಿಗೆ ಬೈದಂಗೆ ಕೇಳ್ಸುತ್ತೆ, ಆದ್ರೆ ಕೊನೇಲಿ ಆ ‘ರಿ’ ಕೂತಿದೆ ನೋಡಿ, ಮರ್ಯಾದೆಗೆ ಏನೂ ಕಮ್ಮಿ ಇಲ್ಲ. ಮಂಗಳೂರಿನವರು ‘ಸೌಂಡ್ ಸ್ವಲ್ಪ ಕಮ್ಮಿ ಮಾಡಿ ಮಾರಾಯ್ರೆ’ ಅಂದ್ರೆ ಕಂಪ್ಲೇಂಟು ಹೋಗಿ ಕಷ್ಟಸುಖ ಹೇಳ್ಕೊಂಡಂಗೆ ಆಗ್ಬಿಡುತ್ತೆ. ಈ ಮಾರಾಯ್ರೆ ಅನ್ನೋದನ್ನ ನಾವು ಬಯಲುಸೀಮೆಯವರು ಕಡ ತಗೊಳ್ಳೋಣ ಅಂತ ನೋಡ್ದೆ, ನನ್ ಬಾಯಲ್ಲಿ ಅದು ಅಣಕಿಸಿದಂಗೆ ಬರುತ್ತೆ, ಕೈಬಿಟ್ಟೆ.

ಏಕವಚನ ಅಂತೂ ಯಾವ ಕಾರಣಕ್ಕೂ ಬೇಡ. ‘ಮಾಡಿ’ ಅನ್ನೋ ಕಡೆ ‘ಮಾಡು’ ಅಂದ್ರೆ ಅಲ್ಲಿಗೆ ಮೊಬೈಲ್ ಸೌಂಡ್ ವಿಷ್ಯ ಮುಗೀತು, ಮುಂದಿನ ಅರ್ಧ ಗಂಟೆ ಚರ್ಚೆ ಎಲ್ಲ ಮರ್ಯಾದೆ ಬಗ್ಗೆ. ಅದರಲ್ಲೂ ಒಂದು ತಮಾಷೆ ಇದೆ, ‘ಏಯ್, ಮರ್ಯಾದೆ ಕೊಟ್ಟು ಮಾತಾಡೋ’ ಅನ್ನೋನು ಆ ವಾಕ್ಯನ ಏಕವಚನದಲ್ಲೇ ಹೇಳೋದು. ಬಹುವಚನದಲ್ಲಿ ಆ ಮಾತು ಹೇಳಿರೋನನ್ನ ಕಂಡ್ರೆ ನಂಗೂ ತೋರ್ಸಿ.

ಇನ್ನು ವಾಕ್ಯ ಹೆಂಗಿರ್ಬೇಕು ಅಂದ್ರೆ, ಪ್ರಶ್ನೆ ತರ ಇರ್ಬೇಕು, ಪಕ್ಕದಲ್ಲಿ ನಿಮ್ಮದೊಂದು ಕಷ್ಟ ಇರ್ಬೇಕು. ‘ಅಣ್ಣ, ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ, ಬೆಳಿಗ್ಗೆಯಿಂದ ತಲೆನೋವು’. ತಲೆನೋವು ತುಂಬಾ ಒಳ್ಳೇ ಕಾಯಿಲೆ, ಯಾರೂ ಸರ್ಟಿಫಿಕೇಟ್ ಕೇಳಲ್ಲ, ಹತ್ತು ನಿಮಿಷ ಅವನ ರೀಲ್ಸ್ ಕೇಳಿದ್ಮೇಲೆ ಅದು ಸುಳ್ಳೂ ಅಲ್ಲ. ಕಷ್ಟ ನಿಮ್ದು, ಉಪಕಾರ ಅವನದ್ದು, ತಪ್ಪು ಯಾರದ್ದೂ ಅಲ್ಲ ಅನ್ನೋ ಹಾಗೆ ಮಾತು ನಿಲ್ಬೇಕು. ನಮ್ ಜನ ಉಪಕಾರ ಮಾಡೋದ್ರಲ್ಲಿ ಎತ್ತಿದ ಕೈ, ಅಡ್ರೆಸ್ ಕೇಳಿದ್ರೆ ಗೊತ್ತಿಲ್ದೆ ಇದ್ರೂ ಹೇಳಿ ಕಳಿಸ್ತಾರೆ, ತಪ್ಪು ಒಪ್ಕೊಳ್ಳೋದು ಬಂದಾಗ ಮಾತ್ರ ಪ್ರಾಣ ಹೋದ್ರೂ ಆಗಲ್ಲ. ಅದಕ್ಕೆ ತಪ್ಪು ಒಪ್ಕೊಳ್ಳೋ ಕೆಲ್ಸನೇ ಅವನಿಗೆ ಕೊಡ್ಬೇಡಿ.

ಇದಕ್ಕಿಂತ ಒಂದು ಕೈ ಮೇಲಿರೋ ವಿದ್ಯೆ ಅಂದ್ರೆ, ಅವನಿಗೊಂದು ನೆಪ ನೀವೇ ಕೊಡೋದು. ಇದು ಕ್ಯೂನಲ್ಲಿ ಪ್ರಯೋಗ ಮಾಡಿ. ಬ್ಯಾಂಕಲ್ಲೋ ಆಸ್ಪತ್ರೇಲೋ ಹನ್ನೆರಡು ಜನ ನಿಂತಿರ್ತೀರಾ, ಒಬ್ಬ ಸೀದಾ ಕೌಂಟರ್‌ಗೆ ಹೋಗಿ ಗಾಜಿನ ಕಿಂಡಿಗೆ ಮುಖ ತೂರಿಸಿ ‘ಒಂದೇ ಒಂದು ಡೌಟು ಸಾರ್’ ಅಂತಾನೆ, ಆ ಡೌಟಿನ ಹಿಂದೆ ಫಾರಂ ಬರುತ್ತೆ, ಫಾರಂ ಹಿಂದೆ ಆಧಾರ್ ಜೆರಾಕ್ಸ್ ಬರುತ್ತೆ, ಅದರ ಹಿಂದೆ ಅವನ ಹೆಂಡ್ತಿ ಬರ್ತಾಳೆ. ಇಂಥವನಿಗೆ ‘ರೀ ಮಿಸ್ಟರ್, ನಾವೆಲ್ಲ ಏನು ಕತ್ತೆ ಕಾಯ್ತಿದೀವಾ’ ಅಂದ್ರೆ ಅವನು ಇನ್ನೂ ಗಟ್ಟಿಯಾಗಿ ಕಿಂಡಿಗೆ ಅಂಟ್ಕೋತಾನೆ. ಅದರ ಬದಲು ‘ಸಾರ್, ನೀವು ನೋಡಿರಲ್ಲ ಅನ್ಸುತ್ತೆ, ಕ್ಯೂ ಇಲ್ಲಿಂದ ಇದೆ, ಬನ್ನಿ’ ಅನ್ನಿ. ಹನ್ನೆರಡು ಜನರ ಕ್ಯೂ ಯಾರಿಗಾದ್ರೂ ಕಾಣದೆ ಇರುತ್ತಾ? ಅವನಿಗೂ ಗೊತ್ತು, ನಿಮಗೂ ಗೊತ್ತು. ಆದ್ರೂ ‘ಓ ಹೌದಾ, ನೋಡ್ಲೇ ಇಲ್ಲ’ ಅಂತ ಹಿಂದೆ ಹೋಗ್ತಾನೆ, ನಾನು ನಾಲ್ಕು ಸಲ ಮಾಡಿದೀನಿ ಮೂರು ಸಲ ಹೋಗಿದಾರೆ. ನಾಲ್ಕನೇ ಸಲದೋರು ನಮ್ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಪ್ರೆಸಿಡೆಂಟು, ಅದು ಬಿಡಿ.

ಹಳ್ಳಿ ಕಡೆ ರೇಷನ್ ಅಂಗಡಿ ಕ್ಯೂ ಇದೆಯಲ್ಲ, ಅದರ ನೀತಿ ನಂಗೆ ತುಂಬಾ ಇಷ್ಟ. ಅಲ್ಲಿ ಜನ ನಿಲ್ಲಲ್ಲ, ಚೀಲ ನಿಲ್ಲುತ್ತೆ, ಕಲ್ಲು ನಿಲ್ಲುತ್ತೆ, ಚಪ್ಪಲಿ ನಿಲ್ಲುತ್ತೆ, ಯಜಮಾನ್ರು ಮರದ ನೆರಳಲ್ಲಿ ಬೀಡಿ ಸೇದ್ತಾ ಕೂತಿರ್ತಾರೆ. ಒಂದು ಕಲ್ಲನ್ನ ದಾಟ್ಕೊಂಡು ಯಾರೂ ಮುಂದೆ ಹೋಗಲ್ಲ. ಪೇಟೇಲಿ ಮನುಷ್ಯರು ನಿಂತಿದ್ರೂ ದಾಟ್ಕೊಂಡು ಹೋಗ್ತಾರೆ.

ಹೇಳಬಾರದ ಮಾತುಗಳನ್ನೂ ಬರ್ದಿಡ್ತೀನಿ. ‘ನೋಡಿದ್ರೆ ಓದಿರೋರ ತರ ಕಾಣ್ತೀರಾ’. ‘ಮ್ಯಾನರ್ಸ್ ಇಲ್ವಾ’. ‘ಮನೇಲಿ ಹೇಳ್ಕೊಟ್ಟಿಲ್ವಾ’. ಎಲ್ಲಾದಕ್ಕಿಂತ ಡೇಂಜರ್ರು ‘ಇದೇನು ನಿಮ್ಮಪ್ಪಂದಾ ಬಸ್ಸು’. ಇದಕ್ಕೆ ಉತ್ತರ ಒಂದೇ, ‘ಮತ್ತೆ ನಿಮ್ಮಪ್ಪಂದಾ?’. ಅಪ್ಪ ಬಂದ ಅಂದ್ರೆ ಅಮ್ಮ ಬರೋಕೆ ಜಾಸ್ತಿ ಹೊತ್ತಿಲ್ಲ, ಅಕ್ಕ ಬಂದ್ರೆ ಕಂಡಕ್ಟರ್ರೇ ಬಸ್ಸನ್ನ ಸೈಡಿಗೆ ಹಾಕ್ಸ್ತಾರೆ. ಬಸ್ಸು ಸರ್ಕಾರದ್ದು ಅನ್ನೋ ಸತ್ಯ ಇಬ್ಬರಿಗೂ ನೆನಪಾಗಲ್ಲ.

ಬಸ್ಸಿನ ವಿಷ್ಯ ಬಂತಲ್ಲ, ಅಲ್ಲಿ ನಂದು ಇನ್ನೂ ಇದೆ. ಕಿಟಕಿಯಿಂದ ಕರ್ಚೀಫ್ ಎಸೆದು ಸೀಟ್ ಹಿಡಿಯೋದು ನಮ್ ಕಡೆ ಒಪ್ಪಿತ ಪದ್ಧತಿ, ಅದನ್ನ ನಾನು ವಿರೋಧಿಸಲ್ಲ, ನಾನೂ ಎಸೆದಿದೀನಿ. ಆದ್ರೆ ಒಂದು ಕರ್ಚೀಫಿಗೆ ಒಂದು ಸೀಟು ಅನ್ನೋದು ನ್ಯಾಯ. ಒಂದು ಟವೆಲ್‌ನ ಉದ್ದಕ್ಕೆ ಹಾಸಿ ಮೂರು ಸೀಟೂ ನಂದು ಅನ್ನೋರು ಇದಾರೆ, ಅವರ ಜನ ಇನ್ನೂ ಹೋಟ್ಲಲ್ಲಿ ಕಾಫಿ ಕುಡೀತಾ ಇರ್ತಾರೆ. ಅಂಥ ಕಡೆ ಜಗಳ ಬೇಡ, ‘ಅಕ್ಕ, ಅವರು ಬರೋವರೆಗೂ ಕೂತಿರ್ತೀನಿ, ಬಂದ ತಕ್ಷಣ ಎದ್ಬಿಡ್ತೀನಿ’ ಅಂದು ಕೂತ್ಬಿಡಿ. ಕೂತವನನ್ನ ಎಬ್ಬಿಸೋದು ನಮ್ ಜನಕ್ಕೆ ತುಂಬಾ ಸಂಕೋಚ, ಬಂದವರು ‘ಪರ್ವಾಗಿಲ್ಲ ಕೂತ್ಕೊಳ್ಳಿ’ ಅಂತಾರೆ, ಅರ್ಧಕ್ಕರ್ಧ ಸಲ. ಇನ್ನರ್ಧ ಸಲ ಎದ್ದೇಳ್ಬೇಕು, ಮಾತು ಕೊಟ್ಟಿದೀರಾ.

ಆಮೇಲೆ ಆ ಜಾರೋ ಕಿಟಕಿ ಗಾಜು. ಬಸ್ ಡಿಸೈನ್ ಮಾಡಿದೋರು ಬೇಕಂತಲೇ ಇಟ್ಟಿದಾರೇನೋ ಅನ್ಸುತ್ತೆ, ಮುಂದಿನ ಸೀಟಿನವರು ಗಾಳಿ ಬೇಕು ಅಂತ ಗಾಜನ್ನ ಹಿಂದಕ್ಕೆ ತಳ್ಳಿದ್ರೆ ಹಿಂದಿನವರ ಕಿಟಕಿ ಮುಚ್ಕೊಳ್ಳುತ್ತೆ, ಹಿಂದಿನವರು ಮುಂದಕ್ಕೆ ತಳ್ತಾರೆ, ಇವರು ಹಿಂದಕ್ಕೆ. ಒಂದು ಮಾತಿಲ್ದೆ ನೆಲಮಂಗಲದವರೆಗೂ ಇಬ್ಬರು ದೊಡ್ಡವರು ಗಾಜು ತಳ್ಳಾಡೋದನ್ನ ನೋಡಿದೀನಿ, ಯಾರೂ ತಿರುಗಿ ಮುಖ ನೋಡ್ಲಿಲ್ಲ. ಇಲ್ಲಿ ಮದ್ದು ಸುಲಭ, ಗಾಜು ಮುಟ್ಟೋಕ್ ಮುಂಚೆ ಮುಖ ತೋರಿಸಿ, ‘ಅರ್ಧರ್ಧ ಬಿಟ್ಕೊಳ್ಳೋಣ್ವಾ’ ಅನ್ನಿ. ಮುಖ ನೋಡಿದ್ಮೇಲೆ ಗಾಜು ತಳ್ಳೋಕೆ ಕೈ ಬರಲ್ಲ. ಮುಂದಿನ ಸೀಟಿನವನು ಎಲೆ ಅಡಿಕೆ ಉಗುಳೋನಾದ್ರೆ ಮಾತ್ರ ಚರ್ಚೆ ಬೇಡ, ನಿಮ್ ಕಡೆ ಗಾಜು ಮುಚ್ಕೊಂಡು ಬೆವರ್ತಾ ಕೂತ್ಕೊಳ್ಳಿ.

ಒಂದು ಕಡೆ ಮಾತ್ರ ನಂಗೆ ಈ ನಯ ನಾಜೂಕು ಸಾಧ್ಯ ಆಗಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ್ಮೇಲೆ ಸರ್ಕಾರಿ ಬಸ್ಸಲ್ಲಿ ನಿಂತಿರೋ ಕೆಲವು ಗಂಡಸರು ‘ಫ್ರೀ ಅಲ್ವಾ, ಅದಕ್ಕೇ ಓಡಾಡ್ತಾರೆ’ ಅಂತ ಹೆಂಗಸರಿಗೆ ಕೇಳೋ ಹಾಗೆ ಗೊಣಗ್ತಾರಲ್ಲ, ಅದು. ಅವರ ಕೈಲಿರೋದೂ ಟಿಕೆಟ್ಟೇ, ದುಡ್ಡು ಸರ್ಕಾರ ಕಟ್ಟುತ್ತೆ ಅಷ್ಟೇ. ಹೀಗೆ ಗೊಣಗಿದ ಒಬ್ಬರಿಗೆ ಹಿಂದಿನ ಸೀಟಿನ ಅಜ್ಜಿ ಒಬ್ಬರು, ‘ನಿನ್ ಹೆಂಡ್ರು ಊರಿಗೆ ದುಡ್ ಕೊಟ್ಟೇ ಹೋಗ್ತಾಳೇನಪ್ಪ’ ಅಂದ್ರು. ಏಕವಚನ ನಿಜ, ಆದ್ರೆ ಅಜ್ಜಿಯರಿಗೆ ಈ ಲೇಖನದ ಯಾವ ನಿಯಮವೂ ಅನ್ವಯಿಸಲ್ಲ.

ಹೋಟ್ಲಿಗೆ ಬರೋಣ. ದರ್ಶಿನಿಯಲ್ಲಿ ನಿಂತ್ಕೊಂಡು ತಿನ್ನೋ ಟೇಬಲ್ಲು ಯಾರದ್ದೂ ಅಲ್ಲ, ಎಲ್ಲರದ್ದೂ. ಅದರ ಮೇಲೆ ಲ್ಯಾಪ್‌ಟಾಪ್ ಬ್ಯಾಗು, ಹೆಲ್ಮೆಟ್ಟು, ಕಾರ್ ಕೀ ಇಟ್ಟು ನಡುವೆ ಒಂದು ಬೈಟು ಕಾಫಿ ಹಿಡ್ಕೊಂಡು ಆಫೀಸ್ ಮೀಟಿಂಗ್ ಅಟೆಂಡ್ ಮಾಡೋರು ಇರ್ತಾರೆ, ಫೋನನ್ನ ಕಿವಿಗಿಡಲ್ಲ, ತಟ್ಟೆ ಇಡ್ಲಿ ತರ ಬಾಯಿ ಮುಂದೆ ಅಡ್ಡಡ್ಡ ಹಿಡ್ಕೊಂಡಿರ್ತಾರೆ. ಇವರಿಗೆ ಏನೂ ಹೇಳ್ಬೇಡಿ, ಬಿಸಿ ಸಾಂಬಾರ್ ತುಂಬಿರೋ ಪ್ಲೇಟ್ ಹಿಡ್ಕೊಂಡು ಹತ್ರ ಹೋಗಿ ‘ಸಾರ್, ಚೆಲ್ಲುತ್ತೆ’ ಅನ್ನಿ. ಬ್ಯಾಗು ತಾನಾಗೇ ಕೆಳಗಿಳಿಯುತ್ತೆ. ಇದಕ್ಕಿಂತ ಚಿಕ್ಕ ವಾಕ್ಯದಲ್ಲಿ ಕೆಲ್ಸ ಆಗೋದು ನಾನು ಬೇರೆಲ್ಲೂ ನೋಡಿಲ್ಲ.

ಮದುವೆ ಊಟದ ಪಂಕ್ತಿ ಬೇರೆ ಲೋಕ. ಮೊದಲ್ನೇ ಪಂಕ್ತಿಯವರು ಇನ್ನೂ ಅನ್ನ ಸಾರಲ್ಲಿ ಇರ್ತಾರೆ, ಹಿಂದೆ ಎರಡ್ನೇ ಪಂಕ್ತಿಯವರು ಚೇರ್ ಹಿಡ್ಕೊಂಡು ನಿಂತಿರ್ತಾರೆ, ನಿಮ್ ಪಾಯಸ ಇಳಿಯೋದು ನಿಮ್ ಗಂಟಲಲ್ಲಿ, ಲೆಕ್ಕ ಹಾಕ್ತಿರೋದು ಹಿಂದಿನವರು. ಕೂತಿರೋರಿಗೆ ನನ್ ಸಲಹೆ, ತಿರುಗಿ ನೋಡಿ ‘ಆಯ್ತು ಸಾರ್, ಮಜ್ಜಿಗೆ ಒಂದು ಬಾಕಿ’ ಅಂತ ಸ್ಟೇಟಸ್ ಹೇಳ್ಬಿಡಿ, ಅವರೂ ಸ್ವಲ್ಪ ಹಿಂದಕ್ಕೆ ಸರೀತಾರೆ, ನಿಮಗೂ ಮಜ್ಜಿಗೆ ರುಚಿ ಗೊತ್ತಾಗುತ್ತೆ. ನಿಂತಿರೋರಿಗೆ ನನ್ ಹತ್ರ ಸಲಹೆ ಇಲ್ಲ, ಯಾಕಂದ್ರೆ ಅಲ್ಲಿ ನಾನೂ ನಿಂತಿರ್ತೀನಿ.

ಮೆಟ್ರೋದಲ್ಲಿ ಕಷ್ಟ ಇಷ್ಟೇ, ಇಳಿಯೋರು ಇಳಿಯೋಕ್ ಮುಂಚೆ ಹತ್ತೋರು ಹತ್ತೋದು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂಜಿ ರೋಡ್‌ವರೆಗೆ ರೈಲು ಶುರುವಾದಾಗಿಂದ ಅನೌನ್ಸ್‌ಮೆಂಟ್ ಕೇಳಿ ಕೇಳಿ ನಾವು ಹಳದಿ ಗೆರೆ ಹಿಂದೆ ನಿಲ್ಲೋದು ಕಲಿತ್ವಿ, ಬಾಗಿಲ ಮುಂದೆ ನಿಲ್ಲದೆ ಇರೋದು ಇನ್ನೂ ಕಲೀತಿದೀವಿ. ಮೆಜೆಸ್ಟಿಕ್‌ನಲ್ಲಿ ಇಳಿಯೋದಿದ್ರೆ ಬಾಗಿಲು ತೆಗೆಯೋಕ್ ಮುಂಚೆನೇ ಜೋರಾಗಿ, ನಗ್ತಾ, ‘ಇಳಿಯೋರಿದೀವಿ ಸಾರ್, ಇಳಿಯೋರಿದೀವಿ’ ಅನ್ನಿ, ಕಡ್ಲೆಕಾಯಿ ಮಾರೋರ ರಾಗದಲ್ಲಿ. ರಾಗ ಇದ್ರೆ ಜನ ದಾರಿ ಬಿಡ್ತಾರೆ. ಬೆನ್ನ ಮೇಲಿನ ಬ್ಯಾಗನ್ನ ಮುಂದಕ್ಕೆ ಹಾಕ್ಕೊಳ್ಳಿ ಅಂತ ಬೇರೆಯವರಿಗೆ ಹೇಳೋದ್ರ ಬದಲು ಮೊದಲು ನಿಮ್ ಬ್ಯಾಗನ್ನ ಮುಂದಕ್ಕೆ ಹಾಕ್ಕೊಳ್ಳಿ, ಒಬ್ಬಿಬ್ಬರು ನೋಡಿ ಹಾಕ್ಕೋತಾರೆ.

ರೂಲ್ಸ್ ಇಲ್ವಾ ಅಂದ್ರೆ, ಇದೆ. ಬಸ್ಸಲ್ಲಿ ಮೊಬೈಲ್ ಜೋರಾಗಿ ಹಾಕೋ ಹಾಗಿಲ್ಲ ಅಂತ ಹೈಕೋರ್ಟ್ ಹೇಳಿದ್ಮೇಲೆ ಕೆಎಸ್ಆರ್‌ಟಿಸಿ 2021ರಲ್ಲೇ ಆದೇಶ ಮಾಡಿದೆ. ರೈಲಲ್ಲಿ ಮಿಡಲ್ ಬರ್ತ್ ಎಳೆಯೋ ಹಕ್ಕು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಅದೇ ಹೊತ್ತಲ್ಲಿ ಜೋರು ಮಾತು, ಸ್ಪೀಕರ್ ಎಲ್ಲಾ ಬಂದ್, ಕೇಳದೆ ಇದ್ರೆ 139ಕ್ಕೆ ಫೋನ್ ಮಾಡ್ಬಹುದು. ಆದ್ರೆ ರೂಲ್ಸನ್ನ ಮೊದಲ್ನೇ ವಾಕ್ಯದಲ್ಲೇ ತೆಗೀಬೇಡಿ. ‘ರೂಲ್ಸ್ ಇದೆ ಗೊತ್ತಾ’ ಅಂದ್ರೆ ‘ರೂಲ್ಸ್ ಮಾತಾಡ್ಬೇಡಿ ನನ್ ಹತ್ರ’ ಅಂತ ಬರುತ್ತೆ, ಗ್ಯಾರಂಟಿ. ಎರಡು ಸಲ ನಯವಾಗಿ ಕೇಳಿ, ಆಗ್ಲಿಲ್ವಾ, ಕಂಡಕ್ಟರ್‌ಗೋ ಟಿಟಿಇಗೋ ಹೇಳಿ, ನೀವೇ ಪೊಲೀಸ್ ಆಗ್ಬೇಡಿ. ನನ್ ಅಕ್ಕ ಒಂದು ವಿಧಾನ ಮಾಡ್ತಾಳೆ, ಯಾರಾದ್ರೂ ಮೈಮೇಲೆ ಬಿದ್ದು ನಿಂತ್ರೆ ಆ ಮನುಷ್ಯನ ಹತ್ರ ಮಾತೇ ಆಡಲ್ಲ, ಸೀದಾ ‘ಕಂಡಕ್ಟರ್ರೇ, ಇವರಿಗೆ ನಿಲ್ಲೋಕೆ ಜಾಗ ಇಲ್ವಂತೆ, ಸ್ವಲ್ಪ ನೋಡಿ’ ಅಂತ ಇಡೀ ಬಸ್ಸಿಗೆ ಕೇಳೋ ಹಾಗೆ ಕೂಗ್ತಾಳೆ. ಇಂಥ ವಿಷ್ಯದಲ್ಲಿ ನಯ ಗಿಯ ಏನೂ ಬೇಕಿಲ್ಲ.

ಸುಮ್ನೆ ಇರೋದೇ ವಾಸಿ ಅನ್ನೋ ಜಾಗಗಳೂ ಇವೆ. ಕುಡಿದಿರೋರು. ರಾತ್ರಿ ಹತ್ತರ ಮೇಲೆ ರೋಡಲ್ಲಿ ಗಾಡಿ ಅಡ್ಡ ಹಾಕೋರು, ಇಲ್ಲಿ ವಾದ ಬೇಡ, ಗ್ಲಾಸ್ ಏರಿಸಿ 112ಕ್ಕೆ ಫೋನ್ ಮಾಡಿ. ಸಿಗ್ನಲ್‌ನಲ್ಲಿ ಇನ್ನೂ ಮೂರು ಸೆಕೆಂಡ್ ಕೆಂಪು ಇರುವಾಗ್ಲೇ ಹಾರ್ನ್ ಹೊಡೆಯೋರು, ಅವರಿಗೆ ಹೇಳೋಕೆ ನಿಮಗೆ ಇರೋದೂ ಅದೇ ಮೂರು ಸೆಕೆಂಡು. ಫುಟ್‌ಪಾತ್ ಮೇಲೆ ಬೈಕ್ ಹತ್ಸ್ಕೊಂಡು ಬಂದು ನಮಗೇ ಹಾರ್ನ್ ಹೊಡೆಯೋರಿಗೆ ನಾನು ಪಕ್ಕಕ್ಕೆ ಸರಿದು ‘ಬನ್ನಿ ಸಾರ್, ಬನ್ನಿ’ ಅಂತ ಎರಡೂ ಕೈ ಚಾಚಿ ಮದುವೆ ಮನೆಗೆ ಕರೆದಂಗೆ ಕರೀತೀನಿ. ಕೆಲವರು ನಾಚ್ಕೋತಾರೆ. ಒಬ್ಬ ಥ್ಯಾಂಕ್ಸ್ ಅಂದು ಹೋದ.

ಕೊನೇದಾಗಿ, ನಮಗೇ ಯಾರಾದ್ರೂ ಹೇಳಿದ್ರೆ ಏನ್ ಮಾಡೋದು ಅನ್ನೋದು. ಒಂದ್ಸಲ ಭಾನುವಾರ ಬೆಳಿಗ್ಗೆ ಒಂದು ಹಳೇ ದೋಸೆ ಹೋಟ್ಲಲ್ಲಿ ಒಬ್ಬ ಹಿರಿಯರ ಚೇರ್ ಹಿಂದೆ ನಿಂತಿದ್ದೆ, ಹಸಿವು ಜೋರಾಗಿತ್ತು, ಅವರ ದೋಸೆ ಕಡೆನೇ ನೋಡ್ತಾ ನಿಂತ್ಬಿಟ್ಟಿದೀನಿ ಅನ್ಸುತ್ತೆ. ಅವರು ಕೈಲಿದ್ದ ತುತ್ತನ್ನ ಹಾಗೇ ಮೇಲಕ್ಕೆತ್ತಿ ನನ್ ಕಡೆ ತಿರುಗಿ, ‘ಬನ್ನಿ ಸಾರ್, ಇದೊಂದನ್ನ ನೀವೇ ತಿನ್ನಿಸ್ಬಿಡಿ, ಬೇಗ ಆಗುತ್ತೆ’ ಅಂದ್ರು. ಸಾರ್ ಅಂದಿದ್ರು, ಪ್ರಶ್ನೆ ಇರ್ಲಿಲ್ಲ, ತಲೆನೋವೂ ಇರ್ಲಿಲ್ಲ, ಟೇಬಲ್‌ನಲ್ಲಿದ್ದ ನಾಲ್ಕೂ ಜನ ನಕ್ಕರು, ನಾನೂ ನಕ್ಕೆ, ಬೇರೆ ಏನ್ ಮಾಡೋಕಾಗುತ್ತೆ. ಸಾರಿ ಯಜಮಾನ್ರೇ ಅಂತ ಎರಡು ಹೆಜ್ಜೆ ಹಿಂದೆ ಹೋದೆ. ಅವರು ಆಮೇಲೆ ನಿಧಾನಕ್ಕೆ ಇನ್ನೊಂದು ಕಾಫಿ ಹೇಳಿದ್ರು, ಅದು ಬೇಕಂತಲೇ ಅಂತ ನಂಗೀಗ್ಲೂ ಅನುಮಾನ.

ಮೊನ್ನೆ ಶನಿವಾರ ಮತ್ತೆ ಅದೇ ತುಮಕೂರು ಬಸ್ಸು. ಪಕ್ಕದಲ್ಲಿ ಬೇರೆ ಹುಡುಗ, ಅದೇ ರೀಲ್ಸು. ನಾನು ಟೋಲ್ ಬರೋಕ್ ಮುಂಚೆನೇ, ಎಲ್ಲಾ ನಿಯಮದ ಪ್ರಕಾರ, ‘ಅಣ್ಣ, ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ, ತಲೆನೋವು’ ಅಂದೆ. ‘ಅಯ್ಯೋ ಸಾರಿ ಸಾರ್’ ಅಂದು ಪೂರ್ತಿ ಆಫ್ ಮಾಡ್ದ, ನಂಗೇ ಒಂಥರಾ ಆಯ್ತು, ನೋಡ್ಕೊಳ್ಳಿ ಪರ್ವಾಗಿಲ್ಲ ಅಂದ್ರೂ ಬೇಡ ಸಾರ್ ಅಂದ. ಫೋನ್ ಇಲ್ದೆ ಅವನಿಗೆ ಮಾಡೋಕೆ ಏನೂ ಇರ್ಲಿಲ್ಲ ನೋಡಿ, ದಾಬಸ್‌ಪೇಟೆ ಹತ್ರ ನಿದ್ದೆ ಬಂತು, ತಲೆ ನನ್ ಹೆಗಲ ಮೇಲೆ ಬಿತ್ತು, ಯಶವಂತಪುರದವರೆಗೂ ಬಾಯಿ ತೆಕ್ಕೊಂಡು ಮಲಗಿದ್ದ. ಇದಕ್ಕೆ ಏನ್ ಹೇಳ್ಬೇಕು ಅಂತ ನಂಗಿನ್ನೂ ಹೊಳೆದಿಲ್ಲ, ಅಂಗಿ ಒಗೆಯೋಕ್ ಹಾಕಿದೀನಿ.